ಪುಣೆ ಸುತ್ತಮುತ್ತ ಎಂ 101 ನೋಡುವುದು: ಅನುಭವ ಇದ್ದವರು ಹೇಳಿ

ಪಿಂಪ್ರಿಯಿಂದ ಪ್ರಶ್ನೆ: 8 ಇಂಚಿನ ಡಾಬ್ (ಡಾಬ್ಸೋನಿಯನ್ ದೂರದರ್ಶಕ) ಇದೆ (ಫೋಕಲ್ ಲೆಂತ್ 1200 ಮಿ.ಮೀ.). ಏಪ್ರಿಲ್ ಅಮಾವಾಸ್ಯೆಗೆ ವೆಲ್ಹೆ ಕಡೆ ಹೋಗಿ ಎಂ 101 ಸುರುಳಿ ಗ್ಯಾಲಕ್ಸಿ, ಅದರ ಹಿನ್ನೆಲೆಯ ಗ್ಯಾಲಕ್ಸಿಗಳನ್ನು ನೋಡುವ ಆಸೆ. ಕಾಂತಿಮಾನ (ಹೊಳಪಿನ ಅಳತೆ, ಅಂಕೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು) 7.9 ಇದ್ದೂ ಸಿಗೋದು ಕಷ್ಟ ಅಂತಾರಲ್ಲ, ಯಾಕೆ?

ಕೋಥ್ರೂಡ್‌ನಿಂದ: 7.9 ನಂಬಿ ಹೊರಡಬೇಡಿ ಸರ್. ಆ ಬೆಳಕೆಲ್ಲ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲಕ್ಕೆ ಹರಡಿದೆ. ಆಕಾಶ ತುಸು ಬೆಳ್ಳಗಿದ್ದರೂ ಮಾಯ. ವೆಲ್ಹೆಯಲ್ಲಿ ಪುಣೆಯ ಬೆಳಕು ಈಶಾನ್ಯಕ್ಕಿರುತ್ತೆ, ಎಂ 101 ಏರುವುದೂ ಅದೇ ದಿಕ್ಕಿನಲ್ಲಿ. ಜುನ್ನರ್ ಕಡೆ ಹೋದರೆ ಪುಣೆ ಬೆನ್ನ ಹಿಂದೆ, ದಕ್ಷಿಣಕ್ಕೆ ಉಳಿಯುತ್ತೆ. ವೆಲ್ಹೆಯೇ ಆಗಬೇಕೆಂದರೆ ಎಂ 101 ಉತ್ತರದಲ್ಲಿ ನೆತ್ತಿರೇಖೆ (ಅದು ಅತಿ ಎತ್ತರಕ್ಕೆ ಬರುವ ಗೆರೆ) ದಾಟುವ ತನಕ ಕಾಯಿರಿ. ಏಪ್ರಿಲ್ ಮಧ್ಯದಲ್ಲಿ ರಾತ್ರಿ 1ರ ಸುಮಾರಿಗೆ, 54 ಡಿಗ್ರಿ ಎತ್ತರದಲ್ಲಿ.

ಸಪ್ತರ್ಷಿಯ ವಸಿಷ್ಠದಿಂದ ಪೂರ್ವಕ್ಕೆ ನಾಲ್ಕು ಮಂಕು ನಕ್ಷತ್ರಗಳ ಸಾಲಿದೆ: 81, 83, 84, 86. ಫೈಂಡರಿನಲ್ಲಿ (ಗುರಿ ಹಿಡಿಯುವ ಪುಟ್ಟ ದೂರದರ್ಶಕ) ಅದನ್ನೇ ಹಿಡಿದು ಹೋಗಿ, 86ರಿಂದ ಪೂರ್ವಕ್ಕೆ, ಕೊಂಚ ಉತ್ತರಕ್ಕೆ ವಾಲಿ, ಒಂದೂವರೆ ಡಿಗ್ರಿ. ಈ ನಾಲ್ಕೂ ಬರಿಗಣ್ಣಿಗೆ ಕಂಡರೆ ಆಕಾಶ ಒಳ್ಳೆಯದಿದೆ. ಕಾಣದಿದ್ದರೆ ಅಂದು ಎಂ 101 ಬಿಟ್ಟು ಇನ್ನೊಂದು ಸುರುಳಿ ಗ್ಯಾಲಕ್ಸಿ ಎಂ 51 ನೋಡಿ.

ಠಾಣೆಯಿಂದ: ಮೊದಲು 30 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ, 40 ಪಟ್ಟು ದೊಡ್ಡದಾಗಿ ಕಾಣುತ್ತೆ. 2 ಇಂಚಿನ, 68 ಡಿಗ್ರಿಯದಾದರೆ 1.7 ಡಿಗ್ರಿ ಆಕಾಶ ಸಿಗುತ್ತೆ, ನೆರೆಹೊರೆಯೂ ಅದರೊಳಗೇ ಬರುತ್ತೆ. ದಕ್ಷಿಣಕ್ಕೆ ಮುಕ್ಕಾಲು ಡಿಗ್ರಿ ದೂರದ ಎನ್‌ಜಿಸಿ (ಗ್ಯಾಲಕ್ಸಿ, ನೀಹಾರಿಕೆಗಳ ಒಂದು ಪಟ್ಟಿ) 5474 ಹಿನ್ನೆಲೆಯದಲ್ಲ, ಎಂ 101ರ ಜೊತೆಗಾರ. ಉತ್ತರಕ್ಕೆ ಅರ್ಧ ಡಿಗ್ರಿ ದಾಟಿದರೆ ಸಿಗುವ ಎನ್‌ಜಿಸಿ 5473 ನಿಜವಾದ ಹಿನ್ನೆಲೆ ಗ್ಯಾಲಕ್ಸಿ. ಎಂ 101 ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರ, ಇದು ಅದರ ಹಲವು ಪಟ್ಟು. ಆದರೂ ಹಿಡಿಯೋದು ಇದೇ ಸುಲಭ! ಬೆಳಕು ಚಿಕ್ಕ ಜಾಗದಲ್ಲಿ ಕೂಡಿದೆ, 10 ಮಿ.ಮೀ. ಹಾಕಿ 120 ಪಟ್ಟು ಮಾಡಿದರೂ ಮಾಯವಾಗಲ್ಲ. ಎನ್‌ಜಿಸಿ 5485, 5422 ಕೂಡ ಇದೇ ಥರ.

ಒಂದು ಎಚ್ಚರಿಕೆ. ಎನ್‌ಜಿಸಿ 5461, 5462, 5471 ನಂಬರ್ ನೋಡಿ ಬೇರೆ ಗ್ಯಾಲಕ್ಸಿಗಳು ಅಂದುಕೊಳ್ಳುವವರು ತುಂಬಾ. ಅವು ಎಂ 101ರ ತೋಳುಗಳಲ್ಲೇ ಇರುವ ಹೈಡ್ರೋಜನ್ ಮೋಡಗಳು. ಯುಎಚ್‌ಸಿ ಫಿಲ್ಟರ್ (ಇಂಥ ಮೋಡಗಳ ಬೆಳಕನ್ನಷ್ಟೇ ಹೆಚ್ಚಾಗಿ ಬಿಡುವ ಸೋಸು ಗಾಜು) ಹಾಕಿ ನೋಡಿ: ಗ್ಯಾಲಕ್ಸಿ ಮಂಕಾಗುತ್ತೆ, ಈ ಚುಕ್ಕೆಗಳು ಎದ್ದು ನಿಲ್ಲುತ್ತವೆ. ಗ್ಯಾಲಕ್ಸಿಗಾಗಿಯೇ ಅಂತ ಫಿಲ್ಟರ್ ಕೊಳ್ಳಬೇಡಿ. ನಕ್ಷತ್ರಗಳ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುವುದರಿಂದ ಬೀದಿದೀಪದ ಜೊತೆ ಅದೂ ಸೋಸಿಹೋಗುತ್ತೆ.

ಮಡಗಾಂವ್‌ನಿಂದ: ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಮೊಬೈಲ್ ಮುಟ್ಟಬೇಡಿ. ಓರೆಗಣ್ಣಲ್ಲಿ ನೋಡುತ್ತಾ ಟ್ಯೂಬನ್ನು ಬೆರಳಿಂದ ಮೆಲ್ಲಗೆ ತಟ್ಟಿ, ಅಲುಗಿದಾಗ ಮಂಕು ಅಂಚು ಕಣ್ಣಿಗೆ ಬೀಳುತ್ತೆ. ನಡುರಾತ್ರಿ ಮೇಲೆ ಎಲ್ಲವೂ ಒಮ್ಮೆಲೇ ಮಸುಕಾದರೆ ಐಪೀಸ್, ಫೈಂಡರ್ ಮೇಲೆ ಇಬ್ಬನಿ ಕೂತಿದೆಯಾ ನೋಡಿ. ಬಳಸದ ಐಪೀಸ್ ಜೇಬಿನಲ್ಲಿ ಬೆಚ್ಚಗಿರಲಿ.