ಮಗನಿಗೆ ಮೊದಲ ಲೆದರ್ ಬಾಲ್ ಬ್ಯಾಟ್ ತರಬೇಕು, ನಿಮ್ಮ ಅನುಭವ ಹೇಳ್ರಿ

ಪ್ರಶ್ನೆ, ಹುಬ್ಬಳ್ಳಿ ವಿದ್ಯಾನಗರದಿಂದ

ಮಗನಿಗೆ ಹನ್ನೆರಡು ನಡೀತಿದೆ, ಎತ್ತರ 4 ಅಡಿ 10 ಇಂಚು. ಇಷ್ಟು ದಿನ ಓಣಿಯಲ್ಲಿ ಟೆನಿಸ್ ಬಾಲ್ ಆಡುತ್ತಿದ್ದ. ಈ ತಿಂಗಳು ಲೆದರ್ ಬಾಲ್ ಕೋಚಿಂಗಿಗೆ ಸೇರಿಸಿದ್ದೇವೆ. ನನ್ನ ತಮ್ಮ ಅವನಿಗೆ ಇಂಗ್ಲಿಷ್ ವಿಲ್ಲೋ ಮರದ ಬ್ಯಾಟ್ ಕೊಡಿಸ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ. ಅದೂ ದೊಡ್ಡವರ ಸೈಜು. "ಬೆಳೆಯೋ ಹುಡುಗ ಅಕ್ಕಾ, ಎರಡು ವರ್ಷಕ್ಕೆ ಸರಿ ಹೋಗ್ತದೆ" ಅಂತಾನೆ. ಹೆಲ್ಮೆಟ್ಟು, ಪ್ಯಾಡು ಅಣ್ಣನ ಮಗನವು ಹಳೆಯವು ಮನೆಯಲ್ಲೇ ಇವೆ. ಅವು ನಡೀತಾವಾ? ಏನು ತರಲಿ, ಏನು ಬಿಡಲಿ?

ಧಾರವಾಡದಿಂದ

ಅಕ್ಕಾರೆ, ದೊಡ್ಡ ಬ್ಯಾಟ್ ಖಂಡಿತ ಬೇಡ. ನಾವು ಅದೇ ತಪ್ಪು ಮಾಡಿದ್ವಿ. ಭಾರಕ್ಕೆ ನನ್ನ ಮಗ ಕೆಳಗಿನ ಕೈಯಲ್ಲೇ ಬ್ಯಾಟ್ ಎತ್ತೋದು ಕಲಿತ. ಎಲ್ಲಾ ಶಾಟೂ ಅಡ್ಡಬಡ್ಡ. ಅದನ್ನ ಬಿಡಿಸೋಕೆ ಕೋಚ್‌ಗೆ ಒಂದು ವರ್ಷ ಹಿಡೀತು. ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಬಲಗೈ ಆಟಗಾರ ಆದರೆ ಎಡಗೈ ಒಂದರಲ್ಲೇ ಬ್ಯಾಟಿನ ಹಿಡಿ ಹಿಡಿದು, ಭುಜದ ಮಟ್ಟಕ್ಕೆ ನೇರ ಮುಂದೆ ಚಾಚಲಿ. ನೀವು ಹತ್ತರವರೆಗೆ ಎಣಿಸಿ. ಅಷ್ಟರಲ್ಲಿ ತುದಿ ಕೆಳಗೆ ಬಾಗಿದರೆ ಆ ಬ್ಯಾಟ್ ವಾಪಸ್ ಇಡಿ. ನಿಮ್ಮ ಹುಡುಗನ ಎತ್ತರಕ್ಕೆ ಐದನೇ ಸೈಜು ಸರಿ.

ಗದಗ-ಬೆಟಗೇರಿಯಿಂದ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಮರದ ಬಗ್ಗೆ ನಾನು ಹೇಳ್ತೀನಿ, ಹದಿನೈದು ವರ್ಷ ಲೀಗ್ ಆಡಿದವನು.

ಇಂಗ್ಲಿಷ್ ವಿಲ್ಲೋ ಮೆದು, ಹಗುರ, ಚೆಂಡು ಚೆನ್ನಾಗಿ ಚಿಮ್ಮುತ್ತದೆ. ಕಾಶ್ಮೀರ ವಿಲ್ಲೋ ಸ್ವಲ್ಪ ಗಟ್ಟಿ, ಭಾರ ಜಾಸ್ತಿ, ಬೆಲೆ ತುಂಬಾ ಕಡಿಮೆ. ಕಲಿಯೋ ಹುಡುಗನ ಚೆಂಡು ಬ್ಯಾಟಿನ ನಡುವೆ ಬೀಳೋದಕ್ಕಿಂತ ಎಡ್ಜಿಗೆ (ಅಂಚಿಗೆ), ತುದಿಗೆ ಬೀಳೋದೇ ಹೆಚ್ಚು. ಮೊದಲ ವರ್ಷಕ್ಕೆ ಹಗುರಾಗಿರೋ ಒಳ್ಳೇ ಕಾಶ್ಮೀರ ಬ್ಯಾಟ್ ಹುಡುಕಿ ತನ್ನಿ. ಉಳಿದ ದುಡ್ಡು ಹೆಲ್ಮೆಟ್ಟಿಗೆ, ಗ್ಲೌಸಿಗೆ ಹೋಗಲಿ.

ತಂದ ದಿನವೇ ನೆಟ್ಸಿಗೆ ಒಯ್ಯಬೇಡಿ. ನನ್ನ ಹದಿನಾರನೇ ವಯಸ್ಸಿನಲ್ಲಿ ಅಪ್ಪ ಸಾಲ ಮಾಡಿ ಬ್ಯಾಟ್ ಕೊಡಿಸಿದ್ರು. ಮರುದಿನವೇ ಹೊಸ ಚೆಂಡಲ್ಲಿ ಕಾಲಬುಡಕ್ಕೆ ಬಂದ ಯಾರ್ಕರ್ ತಡೆಯೋಕೆ ಹೋದೆ. ತುದಿಯಿಂದ ಎರಡು ಬೆರಳು ಉದ್ದ ಸೀಳಿತು. ಮನೆಗೆ ಬಂದು ಅಪ್ಪನಿಗೆ ತೋರಿಸಿದ್ದು ಈಗಲೂ ನೆನಪಿದೆ. ಅವರು ಒಂದು ಮಾತೂ ಆಡಲಿಲ್ಲ. ಸೀಳಿನ ಮೇಲೆ ಹೆಬ್ಬೆರಳು ಆಡಿಸ್ತಾ ಕೂತ್ರು.

ಅದಕ್ಕೇ ಹೇಳ್ತೀನಿ, ಮೊದಲು ಎಣ್ಣೆ. ಹಸಿ ಅಗಸಿ ಎಣ್ಣೆ ಬೇಕು. ಪೇಂಟ್ ಅಂಗಡಿಯ ಕುದಿಸಿದ ಎಣ್ಣೆ ಬೇಡ. ಒಂದು ಚಮಚ ಸಾಕು. ಬಟ್ಟೆಯಲ್ಲಿ ತೆಳ್ಳಗೆ ಮುಖ, ಎಡ್ಜು, ತುದಿಗೆ ಸವರಿ. ಹಿಡಿ ಕೂಡಿಸಿದ ಜಾಗಕ್ಕೆ, ಸ್ಟಿಕ್ಕರಿಗೆ ತಾಗಬಾರದು. ರಾತ್ರಿಯಿಡೀ ಅಡ್ಡ ಮಲಗಿಸಿಡಿ. ಹೀಗೆ ಎರಡು ಸಲ. ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಬ್ಯಾಟ್ ಆದರೆ ಅದರ ಮೇಲೆ ಎಣ್ಣೆ ಹಚ್ಚೋದು ಸುಮ್ನೆ ದಂಡ.

ಆಮೇಲೆ ನಾಕಿಂಗ್, ಅಂದ್ರೆ ಹೊಸ ಬ್ಯಾಟನ್ನ ಬಡಿದು ಹದ ಮಾಡೋದು. ಮ್ಯಾಲೆಟ್ ಅನ್ನೋ ಮರದ ಸುತ್ತಿಗೆಯಿಂದ ಮೆಲ್ಲಗೆ ಶುರು ಮಾಡಿ, ದಿನಕ್ಕೆ ಅರ್ಧ ತಾಸಿನಂತೆ ನಾಲ್ಕೈದು ತಾಸಾದರೂ ಬಡಿಯಬೇಕು. ಎಡ್ಜಿಗೆ ಓರೆಯಾಗಿ ಬಡಿದು ಅಂಚು ದುಂಡಗೆ ಮಾಡಿ. ಆಮೇಲೆ ಹಳೇ ಚೆಂಡಲ್ಲಿ ಮೆಲ್ಲಗೆ ಹತ್ತಿಪ್ಪತ್ತು ಹೊಡೆತ. ಚೆಂಡಿನ ಹೊಲಿಗೆಯ ಗುರುತು ಆಳವಾಗಿ ಮೂಡಿದರೆ ಮತ್ತೆ ಮ್ಯಾಲೆಟ್. ಮಗನ ಕೈಯಲ್ಲೇ ಮಾಡಿಸಿ, ಬ್ಯಾಟಿನ ಮೇಲೆ ಪ್ರೀತಿ ಬರುತ್ತೆ. ಕಾರ್ಕ್ ಬಾಲ್ ಹತ್ತಿರವೂ ಸೇರಿಸಬೇಡಿ. ಧಾರವಾಡದ ಕಡೆ ಜಿಟಿಜಿಟಿ ಮಳೆಯಲ್ಲಿ ತುದಿ ನೀರು ಕುಡಿದು ಉಬ್ಬುತ್ತದೆ, ಅಲ್ಲೊಂದು ಟೋ ಗಾರ್ಡ್ (ತುದಿ ಕಾಯೋ ಪಟ್ಟಿ) ಅಂಟಿಸಿ.

ಬ್ಯಾಟಿಗಿಂತ ಪ್ರಾಕ್ಟೀಸ್ ದೊಡ್ಡದು ಅಕ್ಕಾರೆ. ಭಾರತ ತಂಡಕ್ಕೆ ಆಡಿದ ನಮ್ಮ ಗದಗಿನ ಸ್ಪಿನ್ನರ್ ಸುನಿಲ್ ಜೋಶಿ ಹುಡುಗನಾಗಿದ್ದಾಗ ಪ್ರಾಕ್ಟೀಸಿಗೆ ಅಂತ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ, ಶಾಲೆಗೆ ವಾಪಸ್ ಬರುತ್ತಿದ್ರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ತೆಗೆದವರು ಅವರೇ. ನೀವಂತೂ ಹುಬ್ಬಳ್ಳಿಯಲ್ಲೇ ಇದ್ದೀರಲ್ವಾ.

ಹಾವೇರಿಯಿಂದ

ಹೆಲ್ಮೆಟ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಮಗಳು ಆಡ್ತಾಳೆ, ಅದಕ್ಕೇ ಬರೀತಿದ್ದೀನಿ. ದೊಡ್ಡವರ ಚೆಂಡು 156ರಿಂದ 163 ಗ್ರಾಂ, ಸುತ್ತಳತೆ ಹೆಚ್ಚೂಕಮ್ಮಿ 22.5 ಸೆಂಟಿಮೀಟರ್. ಹದಿಮೂರರ ಒಳಗಿನ ಮಕ್ಕಳದ್ದು 133ರಿಂದ 144 ಗ್ರಾಂ, ಗಾತ್ರವೂ ಸಣ್ಣದು. ದೊಡ್ಡವರ ಹೆಲ್ಮೆಟ್ಟಿನ ಜಾಲರಿ ಸಂದಿಯಲ್ಲಿ ಈ ಸಣ್ಣ ಚೆಂಡು ತೂರಬಹುದು! ಅಣ್ಣನ ಮಗನ ಹೆಲ್ಮೆಟ್ ಯಾವ ಸೈಜು ನೋಡಿ. ಮಗ ಆಡೋ ಚೆಂಡನ್ನೇ ಜಾಲರಿಗೆ ಒತ್ತಿ ಪರೀಕ್ಷೆ ಮಾಡಿ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆ ತಿರುಗಿದರೆ ಅದೂ ಬೇಡ. ಹಿಂದೊಮ್ಮೆ ಜೋರಾಗಿ ಪೆಟ್ಟು ತಿಂದಿದ್ದರೆ ಸುಮ್ಮನೆ ಪಕ್ಕಕ್ಕಿಡಿ.

ಹಳೇ ಪ್ಯಾಡ್ ನಡೀತದೆ, ಮೊಣಕಾಲಿನ ಮಡಿಕೆ ಮೊಣಕಾಲಿಗೇ ಬಂದರೆ. ಗ್ಲೌಸ್ ಮಾತ್ರ ಅಳತೆಯದ್ದೇ ಬೇಕು. ನನ್ನ ಮಗಳ ಸಡಿಲ ಗ್ಲೌಸ್ ತಿರುಗಿ ಕಿರುಬೆರಳು ಮುರಿಯಿತು, ಒಂದೂವರೆ ತಿಂಗಳು ಆಟ ಬಂದ್. ತೊಡೆಸಂದಿ ಕಾಯೋ ಸೆಂಟರ್ ಗಾರ್ಡ್ ಯಾರದ್ದೂ ಹಳೆಯದು ಬೇಡ, ಹೊಸದೇ ತನ್ನಿ. ಮ್ಯಾಟಿಂಗ್ (ಚಾಪೆ ಹಾಸಿದ ಪಿಚ್) ಮೇಲೆ ಆಡೋದಾದರೆ ರಬ್ಬರ್ ಮುಳ್ಳಿನ ಬೂಟು ಸಾಕು.

ಪ್ರಶ್ನೆ ಕೇಳಿದವರು, ಹತ್ತು ದಿನ ಆದಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನನ್ನೂ ಅಂಗಡಿಗೆ ಕರ್ಕೊಂಡು ಹೋದೆ. ದೊಡ್ಡ ಬ್ಯಾಟನ್ನ ಮಗನ ಎಡಗೈಯಲ್ಲಿ ಹಿಡಿಸಿ ಎಣಿಸಿದೆ. ನಾಲ್ಕಕ್ಕೇ ಮೊಣಕೈ ನಡುಗಿತು, ಐದಕ್ಕೆ ತುದಿ ನೆಲ ಮುಟ್ಟಿತು. ತಮ್ಮ ತಾನೇ ಅದನ್ನ ತೆಗೆದು ವಾಪಸ್ ಇಟ್ಟ. ಐದನೇ ಸೈಜಿನ ಕಾಶ್ಮೀರ ವಿಲ್ಲೋ ತಂದಿದ್ದೇವೆ, ಹೊಸ ಹೆಲ್ಮೆಟ್ ಮಾವನ ಉಡುಗೊರೆ. ಹಳೇದರ ಜಾಲರಿಗೆ ಚೆಂಡು ಒತ್ತಿದರೆ ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಯಿತು, ನೋಡಿ ಎದೆ ಧಸಕ್ ಅಂತು. ಈಗ ದಿನಾ ಸಂಜೆ ಹಿತ್ತಲಲ್ಲಿ ಟಕ್ ಟಕ್ ನಡೆದಿದೆ. ಎರಡು ತಾಸು ಮುಗಿದಿದೆ, ಇನ್ನೂ ಎರಡು ಬಾಕಿ.