ಸೋರುವ ಪೈಪಿಗೆ ಕೈ ಹಚ್ಚಬೇಡಿ

ತಂಗಿ, ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಟ್ರಾಲಿ ಎತ್ತುವ ಹೈಡ್ರಾಲಿಕ್ ಪೈಪು ಸೋರುತ್ತಿದೆ, ಹುಡುಗ ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದಾನೆ, ನಾಳೆ ಗೋವಿನಜೋಳ ಹಾವೇರಿಗೆ ಹೋಗಬೇಕು, ಅಲ್ಲಿವರೆಗೆ ತಡೆಯುತ್ತದೆಯೇ ಅಂತ ಕೇಳಿದ್ದೀ. ತಡೆಯುವುದಿಲ್ಲ. ನನಗೆ ಇಷ್ಟೆಲ್ಲ ಟೈಪ್ ಮಾಡಲು ಆಗುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಂದ್ ಮಾಡಬೇಡಿ. ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿಸು.

ಮೊದಲನೇ ಮಾತು, ಇಂಜಿನ್ ಚಾಲೂ ಇದ್ದಾಗ ಆ ಪೈಪಿಗೆ ಕೈ ಹಚ್ಚಬಾರದು. ಎಲ್ಲಿ ಸೋರುತ್ತಿದೆ ಅಂತ ಬೆರಳು ಆಡಿಸಿ ನೋಡಲೇಬಾರದು. ಅರಿವೆ ಹಿಡಿದುಕೊಂಡೂ ಬೇಡ, ಕೈಗವಸು ಹಾಕಿಕೊಂಡೂ ಬೇಡ.

ನಮ್ಮ ದೊಡ್ಡವಳ ಮದುವೆ ಫೋಟೋದಲ್ಲಿ ಇವರ, ಅಂದರೆ ನಮ್ಮ ಯಜಮಾನರ, ಎಡಗೈ ಶಾಲಿನ ಒಳಗೆ ಏಕೆ ಇದೆ ಅಂತ ಎಲ್ಲರೂ ಕೇಳುತ್ತೀರಿ ಅಲ್ವಾ? ಮಕ್ಕಳಿಗೆ ಗೊತ್ತಿಲ್ಲ, ಇವತ್ತು ಕೇಳಿಕೊಳ್ಳಲಿ. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಹೈಡ್ರಾಲಿಕ್ ಪೈಪಿನ ಅಂಗಡಿ ಆಗ ಜೋರಾಗಿ ನಡೆಯುತ್ತಿತ್ತು. ಪೈಪಿನ ತುದಿಗೆ ನಟ್ಟು ಒತ್ತಿ ಕೂರಿಸುವ ಕ್ರಿಂಪಿಂಗ್ ಪ್ರೆಸ್ ಇವರ ಕೈಯಲ್ಲಿ, ಬಿಲ್ಲು, ಉದ್ರಿ ಪುಸ್ತಕ ನನ್ನ ಕೈಯಲ್ಲಿ. ಒಬ್ಬ ಗಿರಾಕಿ ನಿಮ್ಮಂತೆಯೇ ಸೋರುವ ಟ್ರಾಲಿ ತಂದು ಅಂಗಡಿ ಮುಂದೆ ನಿಲ್ಲಿಸಿದ. ಇಂಜಿನ್ ಚಾಲೂ ಇತ್ತು, ಟ್ರಾಲಿ ಅರ್ಧ ಎದ್ದಿತ್ತು. ಇವರು ಬಗ್ಗಿ, ಎಡಗೈ ತೋರುಬೆರಳನ್ನು ಪೈಪಿನ ಉದ್ದಕ್ಕೂ ಎಳೆದರು. ಎಣ್ಣೆ ತೊಟ್ಟಿಕ್ಕುತ್ತಿರಲಿಲ್ಲ. ರಬ್ಬರಿನ ಒಂದು ಸಣ್ಣ ತೂತಿನಿಂದ ಕಣ್ಣಿಗೆ ಕಂಡೂ ಕಾಣದಂತೆ ಚಿಮ್ಮುತ್ತಿತ್ತು.

"ಇರುವೆ ಕಚ್ಚಿದಂತಾಯಿತು" ಅಂದರು, ಅಷ್ಟೇ. ರಕ್ತ ಬರಲಿಲ್ಲ. ಬೆರಳಿನ ತುದಿಯಲ್ಲಿ ಒಂದು ಕೆಂಪು ಚುಕ್ಕೆ, ಅದರ ಸುತ್ತ ಸ್ವಲ್ಪ ಎಣ್ಣೆ. ವೇಸ್ಟ್ ಬಟ್ಟೆಯಲ್ಲಿ ಒರೆಸಿಕೊಂಡು, ಚಹಾ ಕುಡಿದು, ಮತ್ತೆ ಪ್ರೆಸ್ ಮುಂದೆ ನಿಂತರು. ಸಂಜೆಗೆ ಬೆರಳು ಮಡಚಲು ಬರಲಿಲ್ಲ. ಹತ್ತಿರದ ಒಂದು ದವಾಖಾನೆಗೆ ಹೋದೆವು. ಅಲ್ಲಿ ಮುಳ್ಳು ಚುಚ್ಚಿರಬೇಕು ಅಂದರು. ಒಂದು ಟಿಟಿ ಇಂಜೆಕ್ಷನ್, ನಾಲ್ಕು ಗುಳಿಗೆ, ಮನೆಗೆ ಹೋಗಿ ಅಂದರು. ರಾತ್ರಿಯಿಡೀ ಕೈ ಎತ್ತಿ ಹಿಡಿದುಕೊಂಡು ಪಡಸಾಲೆಯಲ್ಲಿ ಓಡಾಡಿದರು. ಬೆಳಗ್ಗೆ ಬೆರಳು ಬೆಳ್ಳಗೆ, ತಣ್ಣಗೆ ಆಗಿತ್ತು.

ದೊಡ್ಡ ದವಾಖಾನೆಯ ಸರ್ಜನ್ ಮೊದಲು ಕೇಳಿದ್ದೇ, ಯಾವ ಎಣ್ಣೆ, ಎಷ್ಟು ಪ್ರೆಶರ್, ಎಷ್ಟು ಹೊತ್ತಿಗೆ ಅಂತ. ನಿನ್ನೆಯೇ ಬರಬೇಕಿತ್ತಲ್ಲ ಅಂದರು. ಬೆರಳಿನಿಂದ ಅಂಗೈವರೆಗೆ ಸೀಳಿ ತೊಳೆದರು. ಎಣ್ಣೆ ನರದ ಪಕ್ಕದಲ್ಲೇ ಒಳಗೆ ಹರಿದು ಅಂಗೈ ಸೇರಿತ್ತಂತೆ. ಕೊನೆಗೆ ಬೆರಳಿನ ಎರಡು ಗೆಣ್ಣು ತೆಗೆಯಲೇಬೇಕಾಯಿತು.

ಲಾರಿ ಟೈರಿನಲ್ಲಿ 8-9 ಕೆಜಿ ಗಾಳಿ ಇರುತ್ತದೆ. ಟ್ರ್ಯಾಕ್ಟರ್ ಹೈಡ್ರಾಲಿಕ್‌ನಲ್ಲಿ 150 ಕೆಜಿಗೂ ಮೇಲೆ ಹೋಗುತ್ತದೆ, ಅದೂ ಒಂದು ಚದರ ಸೆಂಟಿಮೀಟರಿಗೆ. ಸೂಜಿಮೊನೆಯಷ್ಟು ತೂತಿನಿಂದ ಬಂದರೆ ಚರ್ಮ ಯಾವ ಲೆಕ್ಕ? ಸೈಕಲ್ ಟ್ಯೂಬ್ ಅಂತೂ ಏನೂ ಅಲ್ಲ. ಟ್ಯೂಬಿನ ಕೆಳಗೆ ತೂತು ಎಲ್ಲಿದೆ ಅಂತ ಕಾಣದಂತಾಗಿದೆ, ಅಷ್ಟೇ ಆದದ್ದು.

ಅದಕ್ಕೆ ಮತ್ತೆ ಹೇಳುತ್ತೇನೆ, ಕೈ ಹಚ್ಚಬೇಡ ಅಂತ ಹೇಳು. ಅವನು ಈಗಾಗಲೇ ಹಚ್ಚಿ, ಎಲ್ಲಾದರೂ ಚುಕ್ಕೆಯಷ್ಟು ಚುಚ್ಚಿದ್ದರೂ ನೋವಿಲ್ಲ ಅಂತ ಸುಮ್ನೆ ಕೂರಬೇಡಿ. ಈಗಲೇ ಹುಬ್ಬಳ್ಳಿಗೆ ಕರೆದುಕೊಂಡು ಬನ್ನಿ. ಮುಳ್ಳು ಅನ್ನಬೇಡಿ. "ಹೈಡ್ರಾಲಿಕ್ ಎಣ್ಣೆ ಪ್ರೆಶರ್‌ನಲ್ಲಿ ಒಳಗೆ ಹೋಗಿದೆ" ಅಂತ ಬಾಯಿ ಬಿಟ್ಟು ಹೇಳಿ.

ಆ ಪೈಪು ಎಲ್ಲಿ ತಂದದ್ದು ಅಂತ ನನಗೆ ಗೊತ್ತು. ಹೋದ ವರ್ಷ ಸಂತೆಗೆ ಬಂದಾಗ ಹಾಕಿಸಿಕೊಂಡದ್ದು, ನಿನ್ನ ಮನೆಯವರೇ ಹೇಳಿದ್ದರು, ಅರ್ಧ ರೇಟಿಗೆ ಸಿಕ್ಕಿತು ಅಂತ. ಅರ್ಧ ರೇಟಿಗೆ ಸಿಂಗಲ್ ವೈರ್, ಅಂದರೆ ರಬ್ಬರಿನ ಒಳಗೆ ಒಂದೇ ಪದರ ತಂತಿ ಹೆಣೆದ ಪೈಪೇ ಸಿಗುವುದು. ಅರ್ಧ ಇಂಚಿನ ಸಿಂಗಲ್ ವೈರಿಗೆ 160 ಬಾರ್ ಮಿತಿ, ಡಬಲ್ ವೈರಿಗೆ 275. ಬಾರ್ ಅಂದರೆ ಹೆಚ್ಚುಕಡಿಮೆ ಅದೇ ಕೆಜಿ ಲೆಕ್ಕ. ಇದನ್ನು ಇವರು ಎಷ್ಟು ಜನರಿಗೆ ಹೇಳಲಿಲ್ಲ! ಮಂದಿಯ ಬಾಯಲ್ಲಿ ಮಾತ್ರ "ಮಾಮಾನ ಅಂಗಡಿ ತುಟ್ಟಿ". ತುಟ್ಟಿ ಅಂದವರೇ ಸುಗ್ಗಿಯಲ್ಲಿ ಪೈಪು ಹರಿದಾಗ ರಾತ್ರಿ ಹತ್ತಕ್ಕೆ ಬಾಗಿಲು ಬಡಿದು, ಉದ್ರಿ ಬರೆಸಿ ಒಯ್ದರು. ಮಾಲು ಮಾರಿದ ಮೇಲೆ ಕೊಡುತ್ತೇವೆ ಅಂದರು. ಆ ಮಾಲು ಇನ್ನೂ ಮಾರಿಲ್ಲ ಅಂತ ಕಾಣುತ್ತದೆ. ಹೆಸರು ಹೇಳುವುದಿಲ್ಲ, ಈ ಗ್ರೂಪಿನಲ್ಲೇ ಇದ್ದಾರೆ, ಈಗ ಕೇಳುತ್ತಲೂ ಇದ್ದಾರೆ. ಪುಸ್ತಕ ನಾನು ಒಗೆದಿಲ್ಲ, ಟ್ರಂಕಿನಲ್ಲಿದೆ. ಬೆರಳು ಹೋಗಿ ಇವರು ಮನೆಯಲ್ಲಿ ಕೂತಾಗ ಆ ಮಂದಿಯಲ್ಲಿ ಒಬ್ಬರೂ ಒಂದು ಎಳನೀರು ಹಿಡಿದು ಬರಲಿಲ್ಲ. ಬ್ಯಾಡಗಿ ಅಳಿಯಂದಿರು ಮಾತ್ರ ಬಂದರು, ಅವರ ಮಾತು ಬೇರೆ.

ಅಯ್ಯೋ, ನಾಳೆ ಮಾಲು ಹೋಗಬೇಕಲ್ಲ. ಅದನ್ನೇ ಹೇಳದೆ ಬಿಟ್ಟೆ.

ನಾಳೆ ಗೋವಿನಜೋಳ ಚೀಲ ತುಂಬಿ ಕಳಿಸಿ. ಟ್ರಾಲಿ ಎತ್ತುವುದೇ ಬೇಡ. ಎಪಿಎಂಸಿಯಲ್ಲಿ ಹಮಾಲರು ಇಳಿಸುತ್ತಾರೆ, ಅವರ ಕೂಲಿ ದೊಡ್ಡದಲ್ಲ. ಟ್ರಾಲಿ ಈಗ ಮೇಲೆ ಎದ್ದಿದ್ದರೆ ಯಾರೂ ಕೆಳಗೆ ನುಸುಳಬೇಡಿ, ದೂರ ನಿಂತು ಲಿವರ್‌ನಿಂದ ಇಳಿಸಿ. ಆಮೇಲೆ ಇಂಜಿನ್ ಬಂದ್ ಮಾಡಿ, ಲಿವರ್ ನಾಲ್ಕು ಸಲ ಆ ಕಡೆ ಈ ಕಡೆ ಆಡಿಸಿ. ಒಳಗೆ ನಿಂತ ಪ್ರೆಶರ್ ಇಳಿಯುತ್ತದೆ. ಎಣ್ಣೆ ತಣ್ಣಗಾದ ಮೇಲೆ ಟ್ಯೂಬು, ತಂತಿ ಬಿಚ್ಚಿ, ಡೀಸೆಲ್ ಹಾಕಿ ಒರೆಸಿ ಒಣಗಿಸಿ. ಎಲ್ಲಿ ಸೋರುತ್ತದೆ ಅಂತ ನೋಡಲೇಬೇಕಾದರೆ ಮತ್ತೆ ಇಂಜಿನ್ ಚಾಲೂ ಮಾಡಿ, ಉದ್ದ ಕೋಲಿಗೆ ರಟ್ಟು ಕಟ್ಟಿ ಹಿಡಿಯಲಿ. ಎಣ್ಣೆ ರಟ್ಟಿನ ಮೇಲೆ ಕಾಣುತ್ತದೆ, ಕೈ ದೂರ ಇರುತ್ತದೆ.

ಜಾಯಿಂಟಿನಲ್ಲಿ ಸೋರಿದರೆ ಪೈಪೇ ಬೇಡ, ಡೌಟಿ ವಾಷರ್, ಅಂದರೆ ಒಳಗೆ ರಬ್ಬರ್ ಅಂಚಿರುವ ಲೋಹದ ವಾಷರ್ ಹೋಗಿರಬಹುದು, ಕಡಿಮೆ ದುಡ್ಡಿನ ಕೆಲಸ. ಟೆಫ್ಲಾನ್ ಟೇಪ್ ಸುತ್ತಿ ಬಿಗಿಯಬೇಡಿ, ಅದರ ಚೂರು ಒಳಗೆ ಹೋಗಿ ವಾಲ್ವಿನಲ್ಲಿ ಕೂರುತ್ತದೆ. ರಬ್ಬರಿನಲ್ಲೇ ಸೋರಿದರೆ ರಿಪೇರಿ ಇಲ್ಲ, ಹೊಸದೇ ಆಗಬೇಕು. ಹಳೆ ಪೈಪು ಬಿಚ್ಚಿ ಎರಡೂ ಕಡೆ ನಟ್ಟು ಸಮೇತ ತರಲಿ. ಫೋಟೋ ಕಳಿಸಿದರೆ ಆಗುವುದಿಲ್ಲ, ನಟ್ಟಿನ ಆಟೆ, ಅಂದರೆ ತಿರುಪಿನ ಗೆರೆ, ಫೋಟೋದಲ್ಲಿ ತಿಳಿಯುವುದಿಲ್ಲ. ಬಿಚ್ಚಿದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಹೊಟ್ಟು ಧೂಳು ಒಳಗೆ ಹೋಗಬಾರದು. ಡಬಲ್ ವೈರ್ ಅಂತಲೇ ಕೇಳಲಿ, ಪೈಪಿನ ಮೇಲೆ 2ಎಸ್‌ಎನ್ ಅಥವಾ ಆರ್2 ಅಂತ ಅಚ್ಚಾಗಿರುತ್ತದೆ, ಓದಿ ನೋಡಲಿ. ಎರಡು ಬೆರಳು ಉದ್ದ ಜಾಸ್ತಿಯೇ ಕತ್ತರಿಸಿಕೊಡಲು ಹೇಳಲಿ, ಪ್ರೆಶರ್ ಬಂದಾಗ ಪೈಪಿನ ಉದ್ದ ಸ್ವಲ್ಪ ಕಡಿಮೆ ಆಗಬಹುದು. ಕೂರಿಸಿದ ಮೇಲೆ ಆ ಅಚ್ಚಿನ ಗೆರೆ ನೆಟ್ಟಗಿರಬೇಕು, ಬಳ್ಳಿಯಂತೆ ಸುತ್ತಿದ್ದರೆ ಪೈಪು ತಿರುಚಿದೆ ಅಂತ ಅರ್ಥ. ಚಾಸಿ ಅಂಚಿಗೆ ಉಜ್ಜದಂತೆ ಕ್ಲಾಂಪ್ ಹಾಕಿ.

ಮತ್ತೆ ಎಣ್ಣೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ. ಇಷ್ಟು ದಿನ ಸೋರಿದ್ದು ಗೇರ್ ಬಾಕ್ಸಿನಿಂದಲೇ ಹೋಗಿದೆ. ನಾಳೆ ಹೊರಡುವ ಮೊದಲು ಡಿಪ್‌ಸ್ಟಿಕ್ ನೋಡಿ, ಕಡಿಮೆ ಇದ್ದಷ್ಟು ಹಾಕಿ. ಹೊಸ ಪೈಪು ಕೂರಿಸಿದ ಮೇಲೆ ಖಾಲಿ ಟ್ರಾಲಿಯನ್ನು ಮೆಲ್ಲಗೆ ಕೆಲವು ಸಲ ಎತ್ತಿ ಇಳಿಸಿ, ಗಾಳಿ ಹೋಗಲಿ, ಆಮೇಲೆ ಇನ್ನೊಮ್ಮೆ ಎಣ್ಣೆ ನೋಡಿ.

ಹುಡುಗ ಪೈಪು ಹಿಡಿದುಕೊಂಡು ಬಸ್ಸಿಗೆ ಬಂದರೆ ನೇರ ಮನೆಗೇ ಬರಲಿ. ಇವರು ಜೊತೆಗೆ ಅಂಗಡಿಗೆ ಹೋಗಿ ನಿಂತು ಮಾಡಿಸಿಕೊಡುತ್ತಾರೆ. ದುಡ್ಡು ಮಾತ್ರ ರೋಖ ತರಲಿ.