ಬರೀ ಬಿಲ್ಡಪ್ ಯಾವ ಬ್ಯಾಂಡ್‌ದು? 20 ನಿಮಿಷದ ಪಟ್ಟಿಯಿಂದ ಯಾರನ್ನ ಕೈಬಿಡೋದು?

ಹಾಸನ_ಆರನೇ_ಸೆಮ್:

ಕಾಲೇಜ್ ಫೆಸ್ಟ್‌ನಲ್ಲಿ 20 ನಿಮಿಷ ಸಿಕ್ಕಿದೆ, ಹಾಸನದಲ್ಲೇ. ಎರಡು ಗಿಟಾರ್, ಬೇಸ್, ಡ್ರಮ್ಸ್, ಒಬ್ಬ ಹಾಡೋನು. ಪಟ್ಟಿಯಲ್ಲಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', 'ಎಂಟರ್ ಸ್ಯಾಂಡ್‌ಮನ್', ಎಸಿ/ಡಿಸಿಯ 'ಬ್ಯಾಕ್ ಇನ್ ಬ್ಲ್ಯಾಕ್', ನಿರ್ವಾಣದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'. ಆಲ್ಬಂನಲ್ಲಿರೋ ಅವಧಿ ಕೂಡಿದ್ರೆ 23 ನಿಮಿಷ 22 ಸೆಕೆಂಡ್. ಒಂದು ಹೋಗಲೇಬೇಕು. ಎಸಿ/ಡಿಸಿ ಮೂರು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗುಚ್ಛ) ಮೇಲೆ 50 ವರ್ಷ ಹೊಟ್ಟೆ ಹೊರೆದ ಬ್ಯಾಂಡ್ ಅಂತಾನೆ ಲೀಡ್ ಗಿಟಾರಿನವನು. ಡ್ರಮ್ಮರ್ ಪ್ರಕಾರ ನಿರ್ವಾಣ ಬರೀ ಬಿಲ್ಡಪ್. ಬೇಸ್‌ನವನಿಗೆ 1991ರಿಂದ ಈಚೆಗಿನ ಮೆಟಾಲಿಕಾ ಅಂದ್ರೆ ಆಗಲ್ಲ. ಯೋಗ್ಯತೆಗಿಂತ ಹೆಚ್ಚು ಹೆಸರು ಮಾಡಿರೋರು ಯಾರು? ಕಾರಣ ಸಮೇತ ಹೇಳಿ. "ನಂಗಿಷ್ಟ ಇಲ್ಲ" ಅನ್ನೋದನ್ನ ಕಾರಣ ಅಂತ ತರಬೇಡಿ, ಅದು ನಮ್ಮ ರೂಮಲ್ಲೇ ಬೇಕಾದಷ್ಟಿದೆ.

ಗಿರಿ_ರಿದಮ್ (ಚಿಕ್ಕಮಗಳೂರು):

ನಿಮ್ಮ ಲೀಡ್‌ಗೆ 'ಬ್ಯಾಕ್ ಇನ್ ಬ್ಲ್ಯಾಕ್' ಶುರುವಿನ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ನುಡಿಸಿ ಫೋನಲ್ಲಿ ರೆಕಾರ್ಡ್ ಮಾಡೋಕೆ ಹೇಳು ಮಾರಾಯ. ಇ, ಡಿ, ಎ, ಮೂರೇ ಕಾರ್ಡ್, ಒಪ್ಪಿದೆ. ಆದ್ರೆ ಅಲ್ಲಿ ಅರ್ಧ ಕೆಲಸ ಕಾರ್ಡ್‌ಗಳ ಮಧ್ಯದ ಮೌನದ್ದು. ಗೇನ್ (ಆಂಪಿನಲ್ಲಿ ಸದ್ದು ಒರಟು ಮಾಡೋ ಗುಂಡಿ) 8ಕ್ಕೆ ಏರಿಸಿಟ್ಟವನಿಗೆ ಆ ಮೌನ ಸಿಗೋದೇ ಇಲ್ಲ, ಝಂಯ್ ಅಂತ ಎಳೀತಾನೇ ಇರುತ್ತೆ, ಮೂರು ಕಾರ್ಡೂ ಸೇರಿ ಗಂಜಿ ಆಗುತ್ತೆ. ಮೇಲಾಗಿ ಇವೆಲ್ಲ ಓಪನ್ ಕಾರ್ಡು. ಎಡಗೈ ಬೆರಳು ಸಡಿಲಿಸಿದ್ರೆ ಒತ್ತಿದ್ದ ತಂತಿ ಮಾತ್ರ ಸುಮ್ಮನಾಗುತ್ತೆ, ಖಾಲಿ ತಂತಿ ಕೂಗ್ತಾನೇ ಇರುತ್ತೆ. ಹಾಗಾಗಿ ಪ್ರತಿ ಕಾರ್ಡ್ ಮುಗಿದ ತಕ್ಷಣ ಬಲ ಅಂಗೈಯ ಅಂಚು ಬ್ರಿಡ್ಜ್ ಪಕ್ಕ ತಂತಿ ಮೇಲೆ ಕೂರಬೇಕು, ಎಡಗೈ ಬೆರಳುಗಳು ಮಲಗಿ ಉಳಿದದ್ದನ್ನ ಮುಚ್ಚಬೇಕು. ಎರಡೂ ಒಂದೇ ಕ್ಷಣಕ್ಕೆ.

ಎಸಿ/ಡಿಸಿಯ ರಿದಮ್ ಗಿಟಾರಿನವನು ಮಾಲ್ಕಂ ಯಂಗ್ ಗ್ರೆಚ್ ಗಿಟಾರಿಗೆ ದಪ್ಪ ತಂತಿ ಹಾಕಿ, ಗೇನ್ ಕಮ್ಮಿ ಇಟ್ಟು, ಕೈಬಲದಲ್ಲೇ ಆ ಸದ್ದು ತೆಗೀತಿದ್ದ. ನೀವು ಗೇನ್ 3ರಿಂದ 4, ಮಿಡ್ (ಮಧ್ಯದ ಸದ್ದು) 6ರಿಂದ 7, ಬೇಸ್ 4, ಬ್ರಿಡ್ಜ್ ಪಿಕಪ್, ಇಷ್ಟರಿಂದ ಶುರು ಮಾಡಿ. ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡ, ಅದೇ ಜುಲೈಗೆ ಬ್ರಯನ್ ಜಾನ್ಸನ್ ಗಂಟಲಲ್ಲಿ ಈ ಆಲ್ಬಂ ಬಂತು. ಇದನ್ನ ಬಿಲ್ಡಪ್ ಅನ್ನೋಕೆ ನನ್ನ ಬಾಯಂತೂ ಬರಲ್ಲ.

ಬಿಲ್ಡಪ್ ಬೇಕಿದ್ರೆ ಕಿಸ್ ಬ್ಯಾಂಡ್ ಇದೆಯಲ್ಲ. ಮುಖದ ಬಣ್ಣ, ಬೆಂಕಿ, ಗೊಂಬೆ, ಟೀ ಶರ್ಟು ಎಲ್ಲ ತೆಗೆದಿಟ್ಟು ರಿಫ್ ಮಾತ್ರ ಕೇಳಿ. ಹೆಸರು ತಂದುಕೊಟ್ಟ 1975ರ 'ಅಲೈವ್!' ಆಲ್ಬಂ ಕೂಡ ಸ್ಟುಡಿಯೋದಲ್ಲಿ ಬೇಕಾದಷ್ಟು ತೇಪೆ ಹಾಕಿಸಿಕೊಂಡ 'ಲೈವ್'.

ಹೇಮಾವತಿ_ಬೇಸ್ (ಹಾಸನ):

ಮೆಟಾಲಿಕಾನ ಇಡಿಯಾಗಿ ತಕ್ಕಡಿಗೆ ಹಾಕಿದ್ರೆ ಜಗಳ ಬಗೆಹರಿಯಲ್ಲ, ಆಲ್ಬಂ ಹಿಡ್ಕೊಂಡು ಮಾತಾಡಿ. 1986ರ 'ಮಾಸ್ಟರ್ ಆಫ್ ಪಪೆಟ್ಸ್'ಗೆ ಬಂದ ಹೆಸರು ನ್ಯಾಯವಾದದ್ದೇ. 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಹಾಡು ಚೆನ್ನ, ಮಿಕ್ಸ್ ಮಾತ್ರ ಕೆಟ್ಟದ್ದು. ಬೇಸ್‌ನವನು ಕ್ಲಿಫ್ ಬರ್ಟನ್ ಬಸ್ ಅಪಘಾತದಲ್ಲಿ ಸತ್ತ ಮೇಲೆ ಬಂದ ಜೇಸನ್ ನ್ಯೂಸ್ಟೆಡ್‌ನ ಬೇಸ್ ಇದ್ದೂ ಇಲ್ಲದ ಹಾಗೆ. ಕಾರಣ ಎರಡು. ಒಂದು, ಅವನು ಹೆಚ್ಚು ಕಡೆ ರಿದಮ್ ಗಿಟಾರ್ ಹೋದ ದಾರೀಲೇ ಹೋಗಿದ್ದಾನೆ, ಗಿಟಾರಿಗೂ ತಳದ ಸದ್ದು ತುಂಬಿದ್ರಿಂದ ಬೇಸ್‌ಗೆ ಜಾಗವೇ ಉಳೀಲಿಲ್ಲ. ಇನ್ನೊಂದು, ಡ್ರಮ್ಮರ್ ಲಾರ್ಸ್ ಉಲ್ರಿಕ್ ಬೇಸ್ ಇಳಿಸಿ ಅಂತ ಕೂತಿದ್ದ ಅನ್ನೋದನ್ನ ಮಿಕ್ಸ್ ಮಾಡಿದವರೇ ಆಮೇಲೆ ಹೇಳಿದ್ರು. 2003ರ 'ಸೇಂಟ್ ಆ್ಯಂಗರ್'ನಲ್ಲಿ ಸ್ನೇರ್ ಡ್ರಮ್ ಕೆಳಗಿನ ತಂತಿಜಾಲ ಬಿಚ್ಚಿಟ್ಟು ಬಾರಿಸಿ ಕೊಳಗ ಬಡಿದ ಸದ್ದು. 2008ರ 'ಡೆತ್ ಮ್ಯಾಗ್ನೆಟಿಕ್'ನ ಸಿಡಿಯಲ್ಲಿ ಸದ್ದು ಒಡೆಯೋವಷ್ಟು ಏರಿಸಿಟ್ಟಿದ್ರು, ಅದೇ ಹಾಡುಗಳು 'ಗಿಟಾರ್ ಹೀರೋ' ಆಟದಲ್ಲಿ ಸ್ವಚ್ಛವಾಗಿ ಕೇಳಿಸ್ತಿದ್ವು!

ನಿಮ್ಮ ಬೇಸ್‌ನವನು 1991ರ ಕಪ್ಪು ಆಲ್ಬಂನ ('ಸ್ಯಾಂಡ್‌ಮನ್' ಇರೋದು ಅದ್ರಲ್ಲೇ) ಬೈಯೋದು ನಂಗೆ ವಿಚಿತ್ರ ಅನ್ಸುತ್ತೆ. ನ್ಯೂಸ್ಟೆಡ್ ನೆಟ್ಟಗೆ ಕಿವಿಗೆ ಬೀಳೋದೇ ಅಲ್ಲಿಂದ, ನಿರ್ಮಾಪಕ ಬಾಬ್ ರಾಕ್ ಪುಣ್ಯ. 'ಸ್ಯಾಂಡ್‌ಮನ್' ರಿಫ್ ಸುಲಭ ಹೌದು, ಪೆದ್ದು ಅಲ್ಲ. ಇ ತಂತಿ ಖಾಲಿ, ಎ ತಂತಿ 7ನೇ ಮನೆ, ಡಿ ತಂತಿ 5, ಮತ್ತೆ ಇ ತಂತಿಯಲ್ಲಿ 6, 5, ಆಮೇಲೆ ಎ ತಂತಿ 7. ಇ ಷಡ್ಜ ಅಂತ ಹಿಡಿದ್ರೆ ಆ ಆರನೇ ಮನೆ ಪ್ರತಿಮಧ್ಯಮ, ಐದನೇದು ಶುದ್ಧ ಮಧ್ಯಮ. ಎರಡು ಮಧ್ಯಮ ಅಕ್ಕಪಕ್ಕ ಉಜ್ಜೋದ್ರಿಂದಲೇ ಆ ಭಯದ ಬಣ್ಣ.

ಇನ್ನು 'ಮೆಟಲ್ ಸೌಂಡ್' ಅಂತ ಮಿಡ್ ಸೊನ್ನೆ ಮಾಡೋ ಚಟ ಇದ್ರೆ ಬಿಡಿಸಿ. ರೂಮಲ್ಲಿ ಒಬ್ಬನೇ ನುಡಿಸುವಾಗ ಭಾರಿ ಅನ್ಸುತ್ತೆ. ಸ್ಟೇಜಲ್ಲಿ ತಳಾನ ಬೇಸ್, ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ತಗೊಳ್ತವೆ, ಮೇಲಿನದನ್ನ ಸಿಂಬಲ್ ತಗೊಳ್ಳುತ್ತೆ, ಗಿಟಾರಿಗೆ ಉಳಿಯೋದು ಮಧ್ಯ ಮಾತ್ರ. ಅದನ್ನೂ ಕತ್ತರಿಸಿದ್ರೆ ಕೈ ಆಡೋದು ಕಾಣುತ್ತೆ, ಸದ್ದು ಬರಲ್ಲ.

ನುಗ್ಗೆಕಾಯಿ_ಡ್ರಮ್ಸ್ (ಚಿಕ್ಕಮಗಳೂರು):

ನಿರ್ವಾಣದ ವಿಷಯದಲ್ಲಿ ನಿಮ್ಮ ಡ್ರಮ್ಮರ್ ಮಾತು ಅರ್ಧ ಸರಿ. ಹೊಸದೇನೋ ಕಂಡುಹಿಡಿದ್ರು ಅನ್ನೋ ಲೆಕ್ಕದಲ್ಲಿ ಬಿಲ್ಡಪ್ ನಿಜ. ಮೆತ್ತಗೆ ಶುರು ಮಾಡಿ ಕೋರಸ್‌ಗೆ (ಪಲ್ಲವಿಗೆ) ಸಿಡಿಯೋ ಆ ವರಸೆ ಪಿಕ್ಸೀಸ್ ಬ್ಯಾಂಡ್‌ದು, ಅವರನ್ನ ನಕಲು ಹೊಡೆಯೋಕೆ ನೋಡ್ತಿದ್ದೆ ಅಂತ ನಿರ್ವಾಣದ ಗಾಯಕ ಕರ್ಟ್ ಕೊಬೇನ್ 1994ರಲ್ಲಿ ತಾನೇ ಒಪ್ಕೊಂಡಿದ್ದ. ಡ್ರಮ್ಸ್ ಶುರುವಾಗೋ ಫ್ಲಾಮ್‌ಗಳೂ (ಎರಡು ಕೋಲೂ ಹೆಚ್ಚುಕಮ್ಮಿ ಒಟ್ಟಿಗೆ ಬೀಳೋ ಏಟು) ಡಿಸ್ಕೋ, ಫಂಕ್ ದಾಖಲೆಗಳಿಂದ ಎತ್ತಿದ್ದು ಅಂತ ಅವರ ಡ್ರಮ್ಮರ್ ಡೇವ್ ಗ್ರೋಲ್ ಹೇಳಿದ್ದಾನೆ. ಆದ್ರೆ ಎತ್ತಿದ್ದನ್ನ ಹೊಂದಿಸೋಕೂ ಬರಬೇಕಲ್ಲ? ಎಫ್, ಬಿ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್, ಹಾಡಿನ ಬಹುಪಾಲು ಇದೇ ನಾಲ್ಕು ಕಾರ್ಡ್. ಪಲ್ಲವಿಗೆ ಮುಂಚಿನ ಮೆತ್ತಗಿನ ಭಾಗದಲ್ಲಿ ಗಿಟಾರ್‌ನದು ಎರಡೇ ಸ್ವರ, ಮೇಲೊಂದು ಕೋರಸ್ ಪೆಡಲ್ (ಸದ್ದು ಅಲೆಯಾಡಿಸೋ ಯಂತ್ರ). ಹಾಡು ನಡೆಸೋದು ಬೇಸು, ಡ್ರಮ್ಸು.

ತಪ್ಪೋದು ಎಲ್ಲಿ ಅಂದ್ರೆ ಸದ್ದು ಏರಿದ ಕೂಡ್ಲೇ ವೇಗವೂ ಏರುತ್ತೆ. ನಿಮಿಷಕ್ಕೆ 117 ಏಟಿನ ಆಸುಪಾಸು ಇರಬೇಕಾದದ್ದು ಕೊನೇ ಕೋರಸ್‌ಗೆ 130 ಮುಟ್ಟುತ್ತೆ. ಡ್ರಮ್ಮರ್ ಕಿವಿಗೆ ಇಯರ್‌ಫೋನಲ್ಲಿ ಮೆಟ್ರೊನೋಮ್ ಹಾಕಿ ಹತ್ತು ದಿನ ಅಭ್ಯಾಸ ಮಾಡ್ಸಿ.

ಈಗ 'ಪಪೆಟ್ಸ್'. ಯೋಗ್ಯತೆ ಇದೆ ಅನ್ನೋದಕ್ಕೇ ಅದನ್ನ ಬಿಡಿ ಅಂತೀನಿ. ವೇಗ ಸುಮಾರು 212. ಮೆಟಾಲಿಕಾದ ರಿದಮ್ ಗಿಟಾರಿನವನು ಜೇಮ್ಸ್ ಹೆಟ್‌ಫೀಲ್ಡ್ ಪೂರ್ತಿ ಕೆಳಮುಖ ಹೊಡೆತದಲ್ಲೇ ನುಡಿಸ್ತಾನೆ, ಸೆಕೆಂಡಿಗೆ ಏಳು ಹೊಡೆತ ಬೀಳುತ್ತೆ. ಮೇಲೆ ಕೆಳಗೆ ಆಡಿಸಿ ಕಳ್ಳತನ ಮಾಡಿದ್ರೆ ವೇಗ ಬರುತ್ತೆ, ಆ ಗರಗಸದ ಗುಣ ಹೋಗುತ್ತೆ. ಮಣಿಕಟ್ಟಿಂದ ಹೊಡೀಬೇಕು, ಮೊಣಕೈ ಬಿಗಿದ್ರೆ ಎರಡನೇ ನಿಮಿಷಕ್ಕೆ ಕೈ ಕಲ್ಲು. ಜೊತೆಗೆ ಚರಣದ ರಿಫ್ ಮೂರು ಸಲ ನಾಲ್ಕರ ಲೆಕ್ಕದಲ್ಲಿ (ಅಂದ್ರೆ ಎಂಟು ಅರ್ಧ ಏಟು) ಬಂದು ನಾಲ್ಕನೇ ಸಲ 'ತಕ ತಕಿಟ' ಅಂತ ಐದು ಅರ್ಧ ಏಟಿಗೇ ಮುರಿಯುತ್ತೆ. ಐವರಲ್ಲಿ ಒಬ್ಬ ಅಲ್ಲಿ ಎಂಟು ಎಣಿಸಿದ್ರೂ ಮುಗೀತು, ಮತ್ತೆ ಕೂಡೋದು ಕೋರಸ್‌ನಲ್ಲೇ.

ಹಾಸನ_ಆರನೇ_ಸೆಮ್:

ಮಧ್ಯದ ನಿಧಾನದ ಭಾಗ ಹಾರಿಸಿದ್ರೆ? ಅವಧಿ ಇಳಿಯುತ್ತೆ.

ಹೇಮಾವತಿ_ಬೇಸ್ (ಹಾಸನ):

ಅದನ್ನ ತೆಗೆದ್ರೆ ಹಾಡಲ್ಲಿ ಉಳಿಯೋದು ಕೈನೋವು ಮಾತ್ರ. 8 ನಿಮಿಷ 35 ಸೆಕೆಂಡಿನ ಹಾಡಿಗೆ ಉಸಿರಾಡೋ ಜಾಗ ಅದೊಂದೇ ಕಣಪ್ಪ. ಬಿಟ್ಟುಬಿಡಿ. ಉಳಿದ ಮೂರು 14 ನಿಮಿಷ 47 ಸೆಕೆಂಡ್, ಸ್ಟೇಜ್ ಹತ್ತಿ ವೈರ್ ಸಿಕ್ಕಿಸಿ ಇಳಿಯೋಕೆ ಐದು ನಿಮಿಷ ಸಿಗುತ್ತೆ. ಮೂರಕ್ಕೂ ಸ್ಟ್ಯಾಂಡರ್ಡ್ ಟ್ಯೂನಿಂಗೇ, ಗಿಟಾರ್ ಬದಲಿಸೋ ರಗಳೆ ಇಲ್ಲ. ತಂತಿ ಎರಡು ದಿನ ಮುಂಚೆನೇ ಹಾಕಿ, ಹೊಸ ತಂತಿ ಹಿಗ್ಗುತ್ತೆ, ಅವತ್ತೇ ಹಾಕಿದ್ರೆ ಎರಡನೇ ಹಾಡಿಗೆ ಶ್ರುತಿ ಇಳಿದಿರುತ್ತೆ.

ಗಿರಿ_ರಿದಮ್ (ಚಿಕ್ಕಮಗಳೂರು):

ಜನರೇಟರ್ ಮೇಲೆ ಓಡಿಸ್ತಾರೆ ಅಂದ್ರೆ ಆಂಪು, ಮಿಕ್ಸರು ಎರಡಕ್ಕೂ ಒಂದೇ ಬೋರ್ಡಿಂದ ಕರೆಂಟ್ ತಗೊಳ್ಳಿ, ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ. ಗಿಟಾರ್ ಹಿಡಿದೋನ ತುಟಿ ಮೈಕಿಗೆ ತಾಗಿದಾಗ ಹೊಡೆಯೋ ಶಾಕ್ ತಮಾಷೆ ಅಲ್ಲ.

ನುಗ್ಗೆಕಾಯಿ_ಡ್ರಮ್ಸ್ (ಚಿಕ್ಕಮಗಳೂರು):

ಎಲ್ಲಾ ಸರಿ, ಐರನ್ ಮೇಡನ್ ಬಗ್ಗೆ ಯಾಕೆ ಯಾರೂ ಉಸಿರೆತ್ತಿಲ್ಲ? ಒಂದು ಉದ್ದ, ಎರಡು ಗಿಡ್ಡ, ಅದೇ ಕುದುರೆ ಓಟದಲ್ಲಿ ಎಷ್ಟು ಆಲ್ಬಂ ತಳ್ಳಿದ್ದಾರೆ!

ಹೇಮಾವತಿ_ಬೇಸ್ (ಹಾಸನ):

ಅವರ ಬೇಸ್‌ನವನು ಸ್ಟೀವ್ ಹ್ಯಾರಿಸ್ ಆ ಓಟವನ್ನ ಪಿಕ್ ಇಲ್ಲದೆ ಬರೀ ಬೆರಳಲ್ಲಿ ಓಡಿಸ್ತಾನೆ. 2007ರ ಮಾರ್ಚಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅವರನ್ನ ನೋಡಿದವರು ಇಲ್ಲಿ ಸುಮಾರು ಜನ ಇದ್ದಾರೆ. ಬೇರೆ ಪ್ರಶ್ನೆ ಹಾಕಿ ಕೇಳು, ಹೆಲ್ಮೆಟ್ ಹಾಕ್ಕೊಂಡು ಬಾ.